ಒಂದು ಸ್ಯಾಂಪಲ್ ಹೆರಿಗೆ

ಕೊಟೇಶನ್ ಸಾಹೇಬರಿಗೆ ಆ ಹೆಸರನ್ನು ತಂದೆತಾಯಿ ಇಟ್ಟದ್ದಲ್ಲ, ಅವರೇ ಕಷ್ಟಪಟ್ಟು ಸಂಪಾದಿಸಿದ್ದು. ಪೈಪಿನ ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಸ್ವದೇಶದಲ್ಲಿ ಏಳು ವರ್ಷ, ಪರದೇಶದಲ್ಲಿ ನಾಲ್ಕು ವರ್ಷ ಕುರ್ಚಿ ಸವೆಸಿದ ಮನುಷ್ಯ. ಬೋಲ್ಟಿರಲಿ, ವಾಷರಿರಲಿ, ನೆಲ ಒರೆಸುವ ಬಟ್ಟೆಯಿರಲಿ, ಮೂರು ಕಡೆಯಿಂದ ಕೊಟೇಶನ್ ತರಿಸಿ, ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಕಡಿಮೆ ದರದ ಕೆಳಗೆ ಕೆಂಪು ಗೆರೆ ಎಳೆಯದೆ ಅವರು ಒಂದು ಮೊಳೆಯನ್ನೂ ಕೊಂಡವರಲ್ಲ. ಈ ರೋಗ ಆಫೀಸಿನಲ್ಲೇ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಸಾಹೇಬರು ಟೊಮೆಟೊ ತರಲು ಹೋದರೂ ಮೂರು ಅಂಗಡಿ ಹತ್ತಿ ಇಳಿಯುತ್ತಿದ್ದರು. ಮೂರನೆಯ ಅಂಗಡಿಯಿಂದ ಮೊದಲನೆಯದಕ್ಕೆ ವಾಪಸು ಬರುವ ಹೊತ್ತಿಗೆ ಅಲ್ಲಿ ಟೊಮೆಟೊ ಮುಗಿದು, ಅಂಗಡಿಯವನು ಬಾಗಿಲು ಎಳೆಯುತ್ತಿರುತ್ತಿದ್ದ.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ದಿನ ನಗುನಗುತ್ತಲೇ ಕೇಳಿದ್ದಳು: "ಅಲ್ಲಾ ರೀ, ಹೆಣ್ಣು ನೋಡೋಕೂ ಮೂರು ಮನೆಗೆ ಹೋಗಿದ್ರಂತೆ, ನಾನು ಎಷ್ಟನೆಯವಳು?"

"ಎರಡನೆಯವಳು."

"ಮೂರನೆಯವಳು?"

"ಅವರ ಮನೆಯಲ್ಲಿ ಬಾಗಿಲೇ ತೆಗೀಲಿಲ್ಲ."

ಸುಳ್ಳು ಹೇಳಲು ಬಾರದ ಗಂಡ ಸಿಕ್ಕಿದ್ದಾನೆಂದು ಆಕೆ ಅಂದು ಸಮಾಧಾನ ಪಟ್ಟುಕೊಂಡಳು. ಪಾಪ, ಸಾಹೇಬರು ವ್ಯಾಪಾರಕ್ಕೆ ಕೂತಾಗ ಹೇಗಿರುತ್ತಾರೆಂದು ಆಕೆ ಇನ್ನೂ ನೋಡಿರಲಿಲ್ಲ.

ವ್ಯಾಪಾರದಲ್ಲಿ ಸಾಹೇಬರ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಬಾಣ. ಆದರೆ ಅದು ಗುರಿ ತಪ್ಪಿದ್ದೇ ಇಲ್ಲ. ಒಂದು ಜೊತೆ ಕೈಗವಸು ಬೇಕಾದರೆ ಅಂಗಡಿಯವನ ಮುಂದೆ ಕಂಪನಿಯ ಕಾರ್ಡು ಇಟ್ಟು, ಕಿಟಕಿಯ ಕಡೆ ನೋಡುತ್ತಾ, "ಇದು ಬರೀ ಸ್ಯಾಂಪಲ್. ಚೆನ್ನಾಗಿದ್ರೆ ಮುಂದೆ ವರ್ಷಕ್ಕೆ ಇನ್ನೂರು" ಅನ್ನುವರು. ಕೈಗವಸಾದರೂ ಇನ್ನೂರು, ಕುರ್ಚಿಯಾದರೂ ಇನ್ನೂರು. ಇನ್ನೂರು ಎಂದಾಕ್ಷಣ ಅಂಗಡಿಯವನ ಮುಖ ಅರಳಿ ದರ ಇಳಿಯುವುದು. ಸ್ಯಾಂಪಲ್ ಕೈಗೆ ಬಂದ ಮೇಲೆ ಅದರಲ್ಲೊಂದು ಐಬು ಹುಡುಕಿ "ಪರಿಶೀಲಿಸಿ ತಿರಸ್ಕರಿಸಲಾಗಿದೆ" ಎಂದು ಬರೆದು ಕಳಿಸಿದರೆ ಆಯಿತು, ಇನ್ನೂರರ ಮಾತು ಅಲ್ಲಿಗೆ ಮುಗಿಯುವುದು. ಅಷ್ಟರಲ್ಲಿ ಆ ಕೈಗವಸು ಯಾರದೋ ಕೈಯಲ್ಲಿ ಅರ್ಧ ಸವೆದೂ ಇರುತ್ತಿತ್ತು.

ಹೀಗಿರುವಾಗ, ಮದುವೆಯಾಗಿ ಆರು ವರ್ಷಕ್ಕೆ, ಒಂದು ಸಂಜೆ ಹೆಂಡತಿ ಸುದ್ದಿ ಹೇಳಿದಳು.

"ಯಾವ ಡಾಕ್ಟ್ರು ಹೇಳಿದ್ದು?" ಎಂದರು ಸಾಹೇಬರು. "ಒಬ್ಬರೇನಾ?"

"ಒಬ್ಬರೇ ಸಾಕು ರೀ. ಇನ್ನಿಬ್ಬರನ್ನ ಕೇಳಿದ್ರೆ ಹೊಟ್ಟೆಯಲ್ಲಿರೋದು ಬದಲಾಗುತ್ತಾ?"

ಸಾಹೇಬರು ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡವು. ಆರು ವರ್ಷ ಇಬ್ಬರೂ ಬಾಯಿಬಿಟ್ಟು ಆಡದೆ ಕಾದಿದ್ದ ಸುದ್ದಿ ಅದು. ಅಂದು ರಾತ್ರಿಯ ಊಟದ ತಟ್ಟೆಗಳನ್ನು ಅವರೇ ತೊಳೆದರು, ಒಂದನ್ನು ಒಡೆದರು, ಅದರ ಬದಲಿಗೆ ಕೊಳ್ಳಬೇಕಾದ ತಟ್ಟೆಗೆ ಕೊಟೇಶನ್ ಕೇಳಲಿಲ್ಲ.

ಮಾರನೆಯ ದಿನ ಎದೆಯುಬ್ಬಿಸಿಕೊಂಡು ವಿಮಾ ಕಚೇರಿಗೆ ಹೋದರು. ಕಂಪನಿ ಮಾಡಿಸಿಕೊಟ್ಟ ಪಾಲಿಸಿ ಇತ್ತು, ಚಿಂತೆ ಏನು? (ಅಲ್ಲಿಯ ಜನ ಮಾತಾಡಿದ್ದು ಅವರವರ ಭಾಷೆಯಲ್ಲಿ. ಸಾಹೇಬರು ಮನೆಗೆ ಬಂದು ಹೆಂಡತಿಗೆ ಒಪ್ಪಿಸಿದ್ದು ಕನ್ನಡದಲ್ಲಿ. ನಾವು ಸಾಹೇಬರ ಪಾಠವನ್ನೇ ನಂಬಿಕೊಂಡಿದ್ದೇವೆ.) ಕೌಂಟರಿನ ಹುಡುಗಿ ಪಾಲಿಸಿಯನ್ನು ತಿರುವಿ ನೋಡಿ ಮುಗುಳ್ನಕ್ಕಳು.

"ಹೆರಿಗೆಗೆ ಪೂರ್ತಿ ಕೊಡ್ತೀವಿ ಸಾರ್. ತಿಂಗಳ ಪರೀಕ್ಷೆ, ಸ್ಕ್ಯಾನು, ಮಾತ್ರೆ, ಆಸ್ಪತ್ರೆ ಖರ್ಚು, ಎಲ್ಲಾ."

"ಎಲ್ಲಿ ಸಹಿ ಹಾಕ್ಲಿ?"

"ಒಂದೇ ಒಂದು ಷರತ್ತು. ಪಾಲಿಸಿ ಯಾರ ಹೆಸರಲ್ಲಿದೆಯೋ ಅವರೇ ಹೆರಬೇಕು."

"ನಾನಾ?"

"ನಿಮ್ಮ ಹೆಸರಲ್ಲೇ ಇದೆಯಲ್ಲ?"

"ನಾನು ಗಂಡಸಮ್ಮಾ!"

"ಗಂಡಸು, ಹೆಂಗಸು ಅಂತ ನಮ್ಮ ಕಂಪನಿ ಭೇದ ಮಾಡೋದಿಲ್ಲ ಸಾರ್," ಎಂದಳು ಆ ಹುಡುಗಿ ಸ್ವಲ್ಪ ಬೇಸರದಿಂದ. "ನೀವು ಹೆತ್ತರೆ ಇವತ್ತೇ ಕೊಡ್ತೀವಿ."

"ಹಾಗಾದ್ರೆ ಹೆಂಡತಿ ಹೆಸರನ್ನ ಸೇರಿಸಿಕೊಳ್ಳಿ."

"ಸೇರಿಸ್ಬಹುದು. ಸೇರಿಸಿ ಹನ್ನೆರಡು ತಿಂಗಳಾದ ಮೇಲೆ ಹೆರಿಗೆಗೆ ಅನ್ವಯಿಸುತ್ತೆ."

"ಹೆರಿಗೆ ಆಗೋದು ಒಂಬತ್ತೇ ತಿಂಗಳಿಗಲ್ವಾ?"

"ಅದು ನಿಮ್ಮ ನಿಯಮ ಸಾರ್. ನಮ್ಮದು ಹನ್ನೆರಡು."

ಸಾಹೇಬರು ಮನೆಗೆ ಬರುವಷ್ಟರಲ್ಲಿ ಎದೆ ಮೊದಲಿನ ಅಳತೆಗೆ ಇಳಿದಿತ್ತು. ಅತ್ತ ಫೋನಿನಲ್ಲಿ ಅತ್ತೆ ಕಾಯುತ್ತಿದ್ದರು.

"ಅಳಿಯಂದ್ರೇ, ಸುಮ್ನೆ ಅವಳನ್ನ ಇಲ್ಲಿಗೆ ಕಳಿಸಿಬಿಡಿ. ನಾವೆಲ್ಲ ಇದ್ದೀವಿ. ಎಂಟನೇ ತಿಂಗಳು ಬಿದ್ರೆ ವಿಮಾನದವರು ಹತ್ತಿಸಿಕೊಳ್ಳೋದಿಲ್ವಂತೆ, ಅದಕ್ಕೆ ಮುಂಚೆ ಕಳಿಸಿ."

ಮಾತು ನ್ಯಾಯವಾದದ್ದೇ. ಆದರೆ ಸಾಹೇಬರ ಕಾರ್ಖಾನೆಯಲ್ಲಿ ಊರಿಗೆ ಹೋಗಲು ರಜೆ ಸಿಗುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಮತ್ತು ಈ ಸರದಿಯ ರಜೆಯನ್ನು ಅವರು ಆಗಲೇ ತಿಂದು ಮುಗಿಸಿದ್ದರು. ಹೆಂಡತಿ ಹೋದರೆ ಒಬ್ಬಳೇ ಹೋಗಬೇಕು. ಮಗುವಿನ ಮುಖ ನೋಡಲು ಸಾಹೇಬರು ಒಂದೂವರೆ ವರ್ಷ ಕಾಯಬೇಕು. ಅವರಿದ್ದ ಕಟ್ಟಡದ ಮೇಲಿನ ಮನೆಯ ಅಕ್ಕನಿಗೆ ಹಾಗೇ ಆಗಿತ್ತು. ಕ್ರೇನ್ ಓಡಿಸುವ ಅವಳ ಗಂಡ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಮಗಳಿಗೆ ಎರಡು ತುಂಬಿತ್ತು, ಅವಳು ಅಪ್ಪನ ಮೀಸೆ ನೋಡಿ "ಅಂಕಲ್, ಕೆಳಗಿಳಿಸಿ" ಅಂದಿದ್ದಳು.

"ನಾನು ಹೋಗೋದಿಲ್ಲ," ಅಂದಳು ಹೆಂಡತಿ. "ಏನು ಮಾಡ್ತೀರೋ ನನಗೆ ಗೊತ್ತಿಲ್ಲ. ಮಗು ಹುಟ್ಟಿದಾಗ ನೀವು ಬಾಗಿಲ ಹೊರಗಾದ್ರೂ ನಿಂತಿರಬೇಕು. ನನ್ನ ಮಗು ನಿಮ್ಮನ್ನ ಅಂಕಲ್ ಅನ್ನೋದು ಬೇಡ."

ಸಾಹೇಬರಿಗೂ ಅದು ಬೇಡವಾಗಿತ್ತು. ಆದ್ದರಿಂದ ತಮಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಹೊರತೆಗೆದರು. ಮೂರು ಆಸ್ಪತ್ರೆ ಗುರುತು ಮಾಡಿಕೊಂಡು, ಹಾಳೆಯಲ್ಲಿ ಮೂರು ಕಾಲಮ್ಮಿಗೆ ಗೆರೆ ಎಳೆದು, ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಹೆರಿಗೆಗೂ ಕೊಟೇಶನ್ನಾ ಅಳಿಯಂದ್ರೇ?" ಎಂದರು ಅತ್ತೆ ಫೋನಿನಿಂದ. ಅವರ ದನಿಯಲ್ಲಿ ಗಾಬರಿಗಿಂತ, ಇದನ್ನು ನಾನು ಮೊದಲೇ ಊಹಿಸಿದ್ದೆ ಎಂಬ ತೃಪ್ತಿಯೇ ಹೆಚ್ಚಾಗಿತ್ತು.

ಮೊದಲನೆಯ ಆಸ್ಪತ್ರೆಯ ನೆಲದಲ್ಲಿ ಮುಖ ಕಾಣುತ್ತಿತ್ತು. ದರ ಎಷ್ಟೆಂದು ಕೇಳಿದ್ದಕ್ಕೆ ಅಲ್ಲಿಯ ಹೆಂಗಸು, "ನೀವು ಎಷ್ಟು ಇಟ್ಕೊಂಡಿದ್ದೀರಿ ಹೇಳಿ ಸಾರ್, ಅಷ್ಟೇ ಆಗುತ್ತೆ" ಎಂದಳು. ಎರಡನೆಯ ಕಡೆ ಏಳು ಪುಟದ ಪಟ್ಟಿ ಕೊಟ್ಟರು. ಅದರಲ್ಲಿ ಹತ್ತಿ, ದಾರ, ಟವೆಲ್ಲು ಎಲ್ಲಕ್ಕೂ ಬೇರೆ ಬೇರೆ ದರ. ಐದನೆಯ ಪುಟದಲ್ಲಿ "ಮಗುವನ್ನು ತಂದೆಗೆ ತೋರಿಸುವುದು" ಅಂತ ಒಂದು ಬಾಬ್ತು. ಅದರ ಕೆಳಗೆ "ಕೈಗೆ ಕೊಡುವುದು ಪ್ರತ್ಯೇಕ" ಎಂದಿತ್ತು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಇದನ್ನ ತೆಗೆದು ಹಾಕಿದ್ರೆ ಎಷ್ಟು ಕಮ್ಮಿಯಾಗುತ್ತೆ?" ಎಂದು ಕೇಳಲು ಬಾಯಿ ತೆರೆದರು. ಹೆಂಡತಿ ಮೇಜಿನ ಕೆಳಗೆ ಅವರ ಕಾಲು ತುಳಿದಳು.

ಮೂರನೆಯ ಆಸ್ಪತ್ರೆ ಇಬ್ಬರಿಗೂ ಹಿಡಿಸಿತು. ಅಲ್ಲಿ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಹೆಂಡತಿಯ ಕೈ ಹಿಡಿದು ನಾಡಿ ನೋಡಿ, "ಹೆದರಬೇಡ, ನಾನಿದ್ದೀನಿ. ದಿನಾ ನಡಿ, ಉಪ್ಪು ಕಮ್ಮಿ ತಿನ್ನು" ಎಂದಿದ್ದರು. ಪರದೇಶಕ್ಕೆ ಬಂದ ಮೇಲೆ ಯಾರೂ ತನಗೆ ಹೀಗೆ ಗದರಿಸಿ ಹೇಳಿರಲಿಲ್ಲವೆಂದು ಹೆಂಡತಿಗೆ ಅಳುವೇ ಬಂತು. ಆದರೆ ದರ ಹೇಳುವುದು ಡಾಕ್ಟರ ಕೆಲಸವಲ್ಲ. ಅದಕ್ಕೆ ಮೂರನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಗೂಡಿನಲ್ಲಿ, ಮೊಣಕಾಲ ತನಕ ಇಳಿಬಿದ್ದ ಟೈ ಕಟ್ಟಿಕೊಂಡ ಮ್ಯಾನೇಜರ್ ಕೂತಿದ್ದ. ಅವನನ್ನು ನಾವು ಟೈ ಎಂದೇ ಕರೆಯೋಣ, ಆತನಲ್ಲಿ ಎದ್ದು ಕಾಣುತ್ತಿದ್ದದ್ದು ಅದೊಂದೇ. ಮೊದಲ ಪರೀಕ್ಷೆಯಿಂದ ಮಗು ಮನೆಗೆ ಹೋಗುವ ತನಕ ಎಲ್ಲ ಸೇರಿ ಇಷ್ಟು ಎಂದು ಟೈ ಒಂದು ಅಂಕಿ ಬರೆದು ತಿರುಗಿಸಿ ಇಟ್ಟ. ಅದು ಸಾಹೇಬರ ಹತ್ತು ತಿಂಗಳ ಸಂಬಳವಾಗಿತ್ತು.

ಹೆಂಡತಿ ಕೈಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರ ತಲೆ ಖಾಲಿಯಾಯಿತು. ತಲೆ ಖಾಲಿಯಾದಾಗ ಕೈಬಾಯಿಗಳು ಅಭ್ಯಾಸ ಇದ್ದದ್ದನ್ನೇ ಮಾಡುತ್ತವೆ. ಕೈ ತಾನಾಗಿ ಜೇಬಿಗೆ ಹೋಗಿ ಕಂಪನಿಯ ಕಾರ್ಡನ್ನು ಮೇಜಿನ ಮೇಲಿಟ್ಟಿತು. ಕಣ್ಣು ಕಿಟಕಿ ಹುಡುಕಿ, ಸಿಗದೆ, ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತಿತು. ಬಾಯಿ ಹೇಳಿತು:

"ಇದು ಬರೀ ಸ್ಯಾಂಪಲ್. ಚೆನ್ನಾಗಿ ಆದ್ರೆ ಮುಂದೆ ವರ್ಷಕ್ಕೆ ಇನ್ನೂರು."

ಟೈ ಕುರ್ಚಿಯಿಂದ ಅರ್ಧ ಎದ್ದ. "ಇನ್ನೂರು... ಹೆರಿಗೆ?"

ಆಡಿದ ಮೇಲೆ ಸಾಹೇಬರು ಕಾರ್ಡನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದರು. ಆದರೆ ಟೈ ಆಗಲೇ ತಾನು ಬರೆದ ಅಂಕಿಯನ್ನು ಹೊಡೆದು ಹಾಕುತ್ತಿದ್ದ. ಅದನ್ನು ಕಂಡ ಖರೀದಿಯವನು ಯಾರಾದರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ.

"ವರ್ಷಕ್ಕೆ," ಎಂದರು ಸಾಹೇಬರು ಗಂಭೀರವಾಗಿ.

"ನಿಮ್ಮ ಕಾರ್ಖಾನೆ ಏನು ಮಾಡುತ್ತೆ ಸಾರ್?"

"ಪೈಪು."

ಪೈಪಿಗೂ ಹೆರಿಗೆಗೂ ಏನು ಸಂಬಂಧ ಎಂದು ಟೈ ಕೇಳಲಿಲ್ಲ. ಕೇಳಿದರೆ ಇನ್ನೂರು ನೂರಾಗಬಹುದು ಎಂಬ ಭಯ ಅವನಿಗೂ ಇತ್ತು. ಅರ್ಧ ಗಂಟೆಯಲ್ಲಿ ಕಾಗದ ಸಿದ್ಧವಾಯಿತು: ಇದು ಸ್ಯಾಂಪಲ್ ಹೆರಿಗೆ, ದರ ನಾಲ್ಕನೆಯ ಒಂದು ಭಾಗ, ಸ್ಯಾಂಪಲನ್ನು ಬರವಣಿಗೆಯಲ್ಲಿ ಒಪ್ಪುವ ಅಥವಾ ತಿರಸ್ಕರಿಸುವ ತನಕ ಈ ದರ ಊರ್ಜಿತ, ಒಪ್ಪಿದರೆ ಇನ್ನೂರರ ಕರಾರು, ತಿರಸ್ಕರಿಸಿದರೆ ಪೂರ್ತಿ ದರ ಕೊಡತಕ್ಕದ್ದು. ಕೊನೆಯ ಸಾಲನ್ನು ಸಾಹೇಬರು ಓದಿದರು. ಮಗು ಹುಟ್ಟಲು ಇನ್ನೂ ಆರು ತಿಂಗಳಿದೆ, ನೋಡಿಕೊಳ್ಳೋಣ ಎಂದು ಸಹಿ ಹಾಕಿದರು.

ಲಿಫ್ಟಿನಲ್ಲಿ ಹೆಂಡತಿ ಕೇಳಿದಳು: "ಆ ಇನ್ನೂರು ಜನ ಯಾರ್ರೀ?"

"ವ್ಯಾಪಾರದ ಮಾತು ಕಣೇ, ನಿನಗೆ ಅರ್ಥ ಆಗಲ್ಲ."

"ನನಗೆ ಅರ್ಥ ಆಯ್ತು. ಅವನಿಗೆ ಯಾವತ್ತು ಅರ್ಥ ಆಗುತ್ತೆ ಅಂತ ಕೇಳ್ತಿದ್ದೀನಿ."

ಅಲ್ಲಿಂದ ಮುಂದೆ ಹೆಂಡತಿಗೆ ರಾಜೋಪಚಾರ. ಅವಳ ಫೈಲಿನ ಮೇಲೆ ಹಳದಿ ಚೀಟಿಯಲ್ಲಿ "ಸ್ಯಾಂಪಲ್" ಎಂದು ಅಂಟಿಸಿದ್ದರು. ಚೀಟಿ ಕಂಡರೆ ಸಾಕು, ಕಾಯುವ ಸಾಲಿನಿಂದ ಎಬ್ಬಿಸಿ ಒಳಗೆ ಕರೆದೊಯ್ಯುವರು. ತೂಕ ನೋಡುವವಳು ಒಂದು ಸಲ, ಸ್ಕ್ಯಾನಿನವನು ಒಂದು ಸಲ, "ಹೇಗಿದೆ ನಮ್ಮ ಸೇವೆ? ನಿಮ್ಮವರಿಗೆ ಹೇಳ್ತೀರಲ್ವಾ?" ಎಂದು ಕೇಳುವರು. ಡಾಕ್ಟರಮ್ಮ ಮಾತ್ರ ಆ ಚೀಟಿಯನ್ನು ಪ್ರತಿ ಸಲ ಕಿತ್ತು ಬುಟ್ಟಿಗೆ ಹಾಕಿ, ನಡಿಗೆ ಎಷ್ಟಾಯಿತು ಎಂದಷ್ಟೇ ವಿಚಾರಿಸುವರು.

ಈ ವೈಭವವನ್ನು ಹೆಂಡತಿ ಮೇಲ್ಮನೆ ಅಕ್ಕನ ಹತ್ತಿರ ಹೇಳಿದ್ದೇ ತಪ್ಪಾಯಿತು. ಯಾರಿಗೂ ಹೇಳಬೇಡ ಎಂದು ಬೇರೆ ಸೇರಿಸಿದ್ದಳು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಜನ.

"ಸಾಹೇಬ್ರೇ, ನಿಮ್ಮ ಹತ್ರ ಕಾಲು ದರದ ಹೆರಿಗೆ ಇನ್ನೂರು ಇದೆಯಂತಲ್ಲ," ಎಂದ ಕ್ರೇನಿನವನು. "ನಮಗೆ ಎರಡನೆಯದಕ್ಕೆ ಒಂದು ಕೊಡಿ. ಈ ಸಲ ನಾನು ಅಂಕಲ್ ಆಗಬಾರದು."

ಅವನ ಹಿಂದೆ ಬಸ್ ಡ್ರೈವರ್, ಅವನ ಹಿಂದೆ ಇಸ್ತ್ರಿ ಅಂಗಡಿಯವನು. ಎಲ್ಲರಿಗಿಂತ ಹಿಂದೆ ಕ್ಷೌರಿಕ ನಿಂತಿದ್ದ.

"ನಿನಗೆ ಮದುವೆನೇ ಆಗಿಲ್ವಲ್ಲೋ!" ಎಂದರು ಸಾಹೇಬರು.

"ಸಾವಕಾಶ ಆಗ್ತೀನಿ ಸಾರ್. ನೂರೈವತ್ತರ ಮೇಲೆ ಯಾವುದಾದ್ರೂ ಒಂದು ನಂಬರ್ ಹಾಕಿಕೊಡಿ."

ಇಲ್ಲವೆಂದರೆ ಗುಟ್ಟು ಬಯಲಾಗುತ್ತದೆ, ಹೂಂ ಎಂದರೆ ಬಾಯಿಗೆ ಬಂದದ್ದು ಗಂಟಲಿಗೆ ಸುತ್ತಿಕೊಳ್ಳುತ್ತದೆ. ಸಾಹೇಬರು ಒಂದು ನೋಟುಬುಕ್ಕು ತೆಗೆದು ನಾಲ್ವರ ಹೆಸರನ್ನೂ ಬರೆದುಕೊಂಡರು. ನಿಜ ಹೇಳಬೇಕೆಂದರೆ ಬರೆದುಕೊಳ್ಳುವಾಗ ಅವರಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಹನ್ನೊಂದು ವರ್ಷದಲ್ಲಿ ಅವರನ್ನು ಕೊಡುವವರ ಜಾಗದಲ್ಲಿ ನಿಲ್ಲಿಸಿ ಯಾರೂ ಬೇಡಿರಲಿಲ್ಲ.

ಎಂಟನೆಯ ತಿಂಗಳು ಬಿದ್ದಿತು. ವಿಮಾನದ ಬಾಗಿಲು ಮುಚ್ಚಿತು. ಇನ್ನು ಹೆರಿಗೆ ಇಲ್ಲೇ, ಈ ಆಸ್ಪತ್ರೆಯಲ್ಲೇ ಎಂದು ಅತ್ತೆಯೂ ಒಪ್ಪಿಕೊಂಡ ವಾರದಲ್ಲಿ, ಟೈ ಇನ್ನೂರರ ಕರಾರುಪತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಕಾರ್ಖಾನೆಗೆ ಬಂದ.

ಕಾರ್ಖಾನೆಯ ದೊಡ್ಡ ಯಜಮಾನರಿಗೆ ಒಂದು ವ್ರತವಿತ್ತು: "ನನಗೆ ಗೊತ್ತಿಲ್ಲ" ಎಂಬ ಮಾತನ್ನು ಆಡಬಾರದು. ಆ ವ್ರತದ ಬಲದಿಂದಲೇ ಅವರು ಅಷ್ಟು ಮೇಲೆ ಬಂದದ್ದು. ಗಾಜಿನ ಗೋಡೆಯಾಚೆ ಟೈ ಕೈ ಕುಲುಕುವುದನ್ನು ಕಂಡು ಸಾಹೇಬರು ಕೈಲಿದ್ದ ವಾಷರುಗಳನ್ನು ನೆಲಕ್ಕೆ ಚೆಲ್ಲಿಕೊಂಡು, ಆರಿಸುವ ನೆಪದಲ್ಲಿ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿ ಕೊಟ್ಟರು.

"ನಿಮ್ಮಲ್ಲಿ ವರ್ಷಕ್ಕೆ ಇನ್ನೂರು ಹೆರಿಗೆ ಅಂತ ಕೇಳಿ ನಮಗೆಲ್ಲ ತುಂಬಾ ಸಂತೋಷ ಸಾರ್."

ಯಜಮಾನರು ಪೆನ್ನನ್ನು ಒಂದು ಸುತ್ತು ತಿರುಗಿಸಿದರು. "ಇನ್ನೂರು ಕಳೆದ ವರ್ಷದ ಲೆಕ್ಕ ಅಲ್ವಾ? ಈ ವರ್ಷ ಸ್ವಲ್ಪ ಜಾಸ್ತಿನೇ."

"ಜಾಸ್ತಿ?"

"ಉತ್ಪಾದನೆ ಎಲ್ಲಾ ಕಡೆ ಏರಿದೆ."

ಟೈ ಆನಂದದಿಂದ ಎದ್ದು ನಿಂತ. ಆ ತಾಯಂದಿರನ್ನು ಒಮ್ಮೆ ನೋಡಬಹುದೇ ಎಂದು ಕೇಳಿಕೊಂಡ. ಯಜಮಾನರೇ ಕರೆದೊಯ್ದರು. ಆ ಕಾರ್ಖಾನೆಯಲ್ಲಿ ಇದ್ದ ಹೆಂಗಸರು ಒಟ್ಟು ಹನ್ನೊಂದು, ಎಲ್ಲರೂ ಪ್ಯಾಕಿಂಗ್ ವಿಭಾಗದಲ್ಲಿ, ಅದರಲ್ಲಿ ಒಂಬತ್ತು ಮಂದಿ ಮೊಮ್ಮಕ್ಕಳನ್ನು ಕಂಡವರು. ಟೈ ಮುಂದಿನ ಸಾಲಿನಲ್ಲಿದ್ದ ಎಲ್ಲರಿಗಿಂತ ಹಿರಿಯಳ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ಇನ್ನೆಷ್ಟು ತಿಂಗಳಮ್ಮಾ?" ಎಂದ.

"ನಾಲ್ಕು ತಿಂಗಳಪ್ಪಾ," ಎಂದಳು ಅಜ್ಜಿ. "ಆಮೇಲೆ ರಿಟೈರು. ಮನೆಯಲ್ಲಿ ಆರಾಮ."

ಟೈ ಅವಳ ನರೆತ ಕೂದಲನ್ನು ನೋಡಿದ. ಉಳಿದ ಹತ್ತು ಜನರನ್ನು ನೋಡಿದ. ಸುತ್ತಲಿದ್ದ ಪೈಪುಗಳನ್ನು ನೋಡಿದ. ಆಮೇಲೆ ತನ್ನ ಪುಸ್ತಕದಲ್ಲಿ "ನಾಲ್ಕು ತಿಂಗಳು" ಎಂದು ಬರೆದುಕೊಂಡ. ಯಜಮಾನರು ಅವನ ಬೆನ್ನು ತಟ್ಟಿ, ಸ್ಯಾಂಪಲ್ ಒಪ್ಪಿಗೆಯಾದ ಕೂಡಲೆ ಕರಾರು ಜಾರಿ ಎಂದು ಸಹಿ ಮಾಡಿಕೊಟ್ಟರು. ಇನ್ನೂರಕ್ಕೆ ಎಷ್ಟು ಕಡಿಮೆ ಬಿದ್ದರೂ ಆ ಕೊರತೆಯ ಹಣವನ್ನು ಕಾರ್ಖಾನೆಯೇ ಕಟ್ಟಬೇಕು ಎಂಬ ಸಾಲನ್ನು ಅವರು ಓದಿದ್ದು ಟೈ ಹೋದ ಮೇಲೆ. ಓದಿದ ಕೂಡಲೆ ಸಾಹೇಬರನ್ನು ಒಳಗೆ ಕರೆಸಿದರು.

"ಯಾರ್ರೀ ಆ ಇನ್ನೂರು ಜನ?"

"ಒಬ್ಬಳು ಸಾರ್," ಎಂದರು ಸಾಹೇಬರು, ಕೈತುಂಬ ವಾಷರು ಹಿಡಿದುಕೊಂಡು. "ನನ್ನ ಹೆಂಡತಿ."

"ಮಿಕ್ಕ ನೂರ ತೊಂಬತ್ತೊಂಬತ್ತು?"

"ಅದು... ವ್ಯಾಪಾರದ ಮಾತು ಸಾರ್."

"ಗೊತ್ತಿತ್ತು. ನನಗೆ ಮೊದಲೇ ಗೊತ್ತಿತ್ತು." ಯಜಮಾನರು ಹಣೆ ಒರೆಸಿಕೊಂಡರು. "ಈಗ ಕೇಳಿ. ಹೆರಿಗೆ ಆದ ದಿನವೇ ಸ್ಯಾಂಪಲ್ಲಿನಲ್ಲಿ ಒಂದು ಐಬು ಹುಡುಕಿ ತಿರಸ್ಕಾರ ಬರೆದುಕೊಡ್ತೀರಿ. ಹನ್ನೊಂದು ವರ್ಷದಿಂದ ಅದೊಂದೇ ಕೆಲಸ ತಾನೆ ನೀವು ಮಾಡಿರೋದು? ಬರೀದಿದ್ರೆ ಮಾರನೇ ದಿನದಿಂದ ಈ ಕುರ್ಚಿ ನಿಮ್ಮದಲ್ಲ."

ತಿರಸ್ಕರಿಸಿದರೆ ಪೂರ್ತಿ ದರ, ಹತ್ತು ತಿಂಗಳ ಸಂಬಳ. ಒಪ್ಪಿದರೆ ಸಂಬಳವೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಕೆಲಸ ಹೋದರೆ ಆ ದೇಶದಲ್ಲಿ ಇರಲೂ ಬಿಡುವುದಿಲ್ಲ. ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆ ತಿಂಗಳು ಸಾಹೇಬರು ಸರಿಯಾಗಿ ಉಣ್ಣಲಿಲ್ಲ. ಹೆಂಡತಿಗೆ ಹೇಳಿದರೆ ಅವಳ ರಕ್ತದೊತ್ತಡ ಏರೀತೆಂದು ಬಾಯಿ ಬಿಡಲಿಲ್ಲ. ಹಾಗಾಗಿ ಏರಿದ್ದು ಅವರ ರಕ್ತದೊತ್ತಡ. ಡಾಕ್ಟರಮ್ಮ ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಅವರಿಗೆ ಹೇಳಿ, ಉಪ್ಪು ಬಿಡಿಸಿ, ದಿನಾ ನಡೆಯಲು ಹಚ್ಚಿದರು.

ಒಂದು ಬುಧವಾರ ಬೆಳಿಗ್ಗೆ, ಸಾಹೇಬರು ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ, ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೊರಡೋಣ" ಎಂದಳು. ಅವರು ಒಂದೇ ಬೂಟಿನಲ್ಲಿ ಹೊರಟರು. ಮೇಲ್ಮನೆ ಅಕ್ಕ ಹಿಂದಿನಿಂದ ಇನ್ನೊಂದು ಬೂಟು ಹಿಡಿದು ಓಡಿಬಂದು ಕಾರಿನೊಳಗೆ ಎಸೆದಳು.

ಆಸ್ಪತ್ರೆಯಲ್ಲಿ ಟೈ ಹೂಗುಚ್ಛ, ಫೋಟೋ ತೆಗೆಯುವವನು ಮತ್ತು "ಸ್ಯಾಂಪಲ್ ಪರಿಶೀಲನಾ ನಮೂನೆ" ಎಂಬ ಕಾಗದದೊಂದಿಗೆ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಡಾಕ್ಟರಮ್ಮ ಬಂದು ಹೂವನ್ನು ನರ್ಸಿಗೆ, ಫೋಟೋದವನನ್ನು ಮೆಟ್ಟಿಲಿಗೆ ಕಳಿಸಿ, "ನೀನೂ ಹೆರೋಕೆ ಬಂದಿದ್ದೀಯಾ?" ಎಂದು ಟೈಯನ್ನು ಕೇಳಿದರು. ಅವನು ಕಾರಿಡಾರಿನ ಬೆಂಚಿನಲ್ಲಿ ಸಾಹೇಬರ ಪಕ್ಕ ಕೂತ. ಒಳಗಿನಿಂದ ಹೆಂಡತಿಯ ಕೂಗು ಕೇಳಿದಾಗಲೆಲ್ಲ ಸಾಹೇಬರು ಅವನ ಟೈಯನ್ನು ಹಿಡಿದೆಳೆಯುತ್ತಿದ್ದರು. ಆ ಎರಡು ಗಂಟೆಯಲ್ಲಿ ಅವರು ಮನಸ್ಸಿನಲ್ಲೇ ಬೇಡಿಕೊಂಡದ್ದು ಒಂದೇ: ಅವಳು ಚೆನ್ನಾಗಿರಲಿ, ದರ ಎಷ್ಟಾದರೂ ಆಗಲಿ. ಹೀಗೆ ಬೇಡಿಕೊಂಡದ್ದನ್ನು ಅವರು ಆಮೇಲೆ ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ.

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಹೆಣ್ಣು ಮಗು ಹುಟ್ಟಿತು.

ಒಳಗೆ ಕರೆದರು. ಹೆಂಡತಿ ಬಾಡಿದ ಮುಖದಲ್ಲೇ ನಕ್ಕಳು. ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ಕೆಂಪು ಮುಖ. ಆಗ ಜೇಬಿನಲ್ಲಿ ಫೋನು ನಡುಗಿತು. ಯಜಮಾನರು. "ಬರೆದ್ರಾ?" ಎಂದರು, ಇಟ್ಟರು. ಹಿಂದೆಯೇ ಒಳಗೆ ನುಸುಳಿದ್ದ ಟೈ ನಮೂನೆ ಚಾಚಿ, "ಒಪ್ಪಿಗೆ ಅಂತ ಒಂದು ಗುರುತು ಹಾಕಿ ಸಾರ್" ಎಂದ.

ಸಾಹೇಬರು ಕೆಂಪು ಪೆನ್ನು ತೆಗೆದರು. ಸಾವಿರಾರು ಸಾಮಾನುಗಳನ್ನು ತಿರಸ್ಕರಿಸಿದ ಕಣ್ಣು ಅದು. ಬಗ್ಗಿ ನೋಡಿದರು. ಕೈಬೆರಳು ಎಣಿಸಿದರು, ಹತ್ತು. ಕಾಲ್ಬೆರಳು, ಹತ್ತು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ಕೊನೆಗೆ ಒಂದು ಸಿಕ್ಕಿತು.

"ಎಡಗಿವಿ ಒಂಚೂರು ಮಡಿಚಿದೆ," ಎಂದರು.

"ಅದು ನಮ್ಮ ಮನೆ ಕಿವಿ ಅಳಿಯಂದ್ರೇ!" ಎಂದು ಹೆಂಡತಿಯ ಫೋನಿನ ಪರದೆಯಿಂದ ಅತ್ತೆ ಗುಡುಗಿದರು. "ಐಬಲ್ಲ ಅದು, ಗುರುತು!"

ಮಗು ಕಣ್ಣು ಅರೆ ತೆರೆದು, ಬೆರಳೆಣಿಸುತ್ತಿ‍ದ್ದ ಸಾಹೇಬರ ಬೆರಳನ್ನೇ ಹಿಡಿದುಕೊಂಡಿತು. ಆ ಹಿಡಿತದಿಂದ ಬಿಡಿಸಿಕೊಂಡು ತಿರಸ್ಕಾರ ಬರೆಯುವುದು ಅವರಿಂದಾಗಲಿಲ್ಲ. ಅವರಿಗೆ ಅಳು ಬಂತು, ಅತ್ತುಬಿಟ್ಟರು. ಅಳುತ್ತಲೇ ಟೈ ಕಡೆ ತಿರುಗಿ, "ಇನ್ನೂರು ಯಾರೂ ಇಲ್ಲಪ್ಪಾ. ಇವಳೊಬ್ಬಳೇ. ಪೂರ್ತಿ ದರ ಹಾಕು, ಕೆಲಸ ಹೋದ್ರೂ ಹೋಗ್ಲಿ, ಹೇಗೋ ತೀರಿಸ್ತೀನಿ" ಎಂದರು.

ಟೈ ಓಡಿಹೋಗಿ ಬಾಗಿಲು ಮುಚ್ಚಿದ. "ಮೆಲ್ಲಗೆ ಸಾರ್! ನನಗೆ ಆ ಅಜ್ಜಿಯನ್ನ ನೋಡಿದ ದಿನವೇ ಗೊತ್ತಾಯ್ತು. ಆದ್ರೆ ಅಷ್ಟರಲ್ಲಿ ಇನ್ನೂರು ತಂದವನು ಅಂತ ನನಗೆ ಕಿಟಕಿ ಇರೋ ಕೋಣೆ ಕೊಟ್ಟಿದ್ರು. ಎಂಟು ವರ್ಷ ಆದ ಮೇಲೆ ಬಿಸಿಲು ನೋಡ್ತಿದ್ದೀನಿ. ನೀವು ತಿರಸ್ಕಾರ ಬರೆದ್ರೆ ಕಿಟಕಿ ಹೋಗುತ್ತೆ. ಒಪ್ಪಿಗೆ ಬರೆದ್ರೆ ಇನ್ನೂರು ಎಲ್ಲಿ ಅಂತ ಕೇಳ್ತಾರೆ, ಆಗಲೂ ಹೋಗುತ್ತೆ."

ಇಬ್ಬರು ಗಂಡಸರೂ ಒಂದು ಖಾಲಿ ನಮೂನೆಯ ಆಚೀಚೆ ನಿಂತು ಮೂಗು ಒರೆಸಿಕೊಂಡರು.

"ಆ ಕಾಗದದಲ್ಲಿ ಏನಿದೆ?" ಎಂದಳು ಹೆಂಡತಿ ಮಲಗಿದಲ್ಲಿಂದಲೇ. "ಒಪ್ಪೋವರೆಗೂ ಇಲ್ಲಾ ತಿರಸ್ಕರಿಸೋವರೆಗೂ ಇದೇ ದರ ಅಂತ ತಾನೆ? ಎಷ್ಟು ದಿನದೊಳಗೆ ಅಂತ ಬರೆದಿದೆಯಾ?"

ಟೈ ಮುಂದಿನಿಂದ ಓದಿದ, ಹಿಂದಿನಿಂದ ಓದಿದ. "ಇಲ್ಲಮ್ಮಾ."

"ಮತ್ತೆ ಅವಸರ ಏನು? ಹೆತ್ತು ಅರ್ಧ ಗಂಟೆ ಆಗಿಲ್ಲ, ಸ್ಯಾಂಪಲ್ ಹೇಗಿದೆ ಅಂತ ಈಗಲೇ ಹೇಗ್ರೀ ಹೇಳ್ತೀರಿ? ನಿಮ್ಮನ್ನ ಹೆತ್ತು ಮೂವತ್ತಾರು ವರ್ಷ ಆಯ್ತು. ನಿಮ್ಮಮ್ಮ ಇನ್ನೂ ಏನೂ ಹೇಳೋಕಾಗದೆ ಕೂತಿದ್ದಾರೆ."

ಫೋನಿನಲ್ಲಿ ಅತ್ತೆ "ಸರಿಯಾಗಿ ಹೇಳಿದೆ" ಎಂದರು. ಸಾಹೇಬರು ಕಣ್ಣೊರೆಸಿಕೊಂಡು ನಮೂನೆಯ ಮೇಲೆ ದುಂಡಗೆ "ಪರಿಶೀಲನೆಯಲ್ಲಿದೆ" ಎಂದು ಬರೆದರು. ಅದರಿಂದ ದರವೂ ಏರಲಿಲ್ಲ, ಕರಾರೂ ಜಾರಿಗೆ ಬರಲಿಲ್ಲ, ಟೈಗೆ ಕಿಟಕಿ ಉಳಿಯಿತು, ಸಾಹೇಬರಿಗೆ ಕುರ್ಚಿ ಉಳಿಯಿತು. ಯಜಮಾನರು ಸುದ್ದಿ ಕೇಳಿ, ಹೀಗೇ ಆಗುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎಂದರು.

ಆ ಫೈಲು ಇಂದಿಗೂ ಮುಚ್ಚಿಲ್ಲ. ವರ್ಷಕ್ಕೊಮ್ಮೆ, ಮಗಳ ಹುಟ್ಟಿದ ದಿನ, ಟೈ ಒಂದು ಜ್ಞಾಪನಪತ್ರ ಕಳಿಸುತ್ತಾನೆ. ಸಾಹೇಬರು "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬರೆಯುತ್ತಾರೆ. ಮಗಳು ಮೊದಲು ಆಡಿದ ಮಾತು "ಅಪ್ಪ". ಮೇಲ್ಮನೆಯವರು ಅಂಕಲ್ ಎಂದು ಹೇಳಿಕೊಡಲು ನೋಡಿದ್ದರು, ಆಗಲಿಲ್ಲ.

ಮೊನ್ನೆ ಅವಳಿಗೆ ಆರು ತುಂಬಿತು. ಪೆನ್ಸಿಲ್ ಬೇಕೆಂದಳು, ಮೂವರೂ ಬೀದಿಯ ಕೊನೆಯ ಅಂಗಡಿಗೆ ಹೋದರು. ಅಂಗಡಿಯವನು ದರ ಹೇಳಿದ. ಮಗಳು ಪೆನ್ಸಿಲನ್ನು ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಮಡಿಚಿದ ಎಡಗಿವಿಯ ಹಿಂದೆ ಕೂದಲು ಸರಿಸಿ, ಬೀದಿಯ ಕಡೆ ಮುಖ ಮಾಡಿ, "ಇದು ಬರೀ ಸ್ಯಾಂಪಲ್. ಚೆನ್ನಾಗಿದ್ರೆ ಇನ್ನೂರು ತಗೋತೀನಿ" ಎಂದಳು.

ಸಾಹೇಬರು ಹೆಂಡತಿಯ ಮುಖ ನೋಡಿದರು.

"ಇನ್ನು ಪರಿಶೀಲನೆ ಸಾಕು ರೀ," ಎಂದಳು ಆಕೆ. "ಮಾಲು ನಿಮ್ಮದೇ."